ಇಂಜಿನಿಯರಮ್ಮನ ಒಳ್ಳೆ ಕಾರ್ಡು

ನಮ್ಮ ಕಟ್ಟಡದಲ್ಲಿ ಗುರುವಾರ ಬಂತೆಂದು ತಿಳಿಯಲು ಕ್ಯಾಲೆಂಡರ್ ಬೇಕಿರಲಿಲ್ಲ. ಮಧ್ಯಾಹ್ನ ಮೂರು ಹೊಡೆಯುತ್ತಲೇ ಗೋಡೆಯಾಚೆಯಿಂದ, ತಲೆಯ ಮೇಲಿನಿಂದ, ಕಾಲ ಕೆಳಗಿನಿಂದ ಒಂದೇ ಕೂಗು ಏಳುತ್ತಿತ್ತು: "ಹಲೋ, ಕೇಳಿಸ್ತಾ ಇದ್ಯಾ? ಹಲೋ!" ಇಟಲಿಯಲ್ಲಿ ಮುದುಕರನ್ನು ನೋಡಿಕೊಳ್ಳಲು ಹೋಗಿರುವ ನಮ್ಮ ಹೆಂಗಸರಿಗೆ ವಾರದಲ್ಲಿ ಬಿಡುವೆಂದರೆ ಗುರುವಾರ ಮಧ್ಯಾಹ್ನ ಮತ್ತು ಭಾನುವಾರ. ಭಾನುವಾರ ಚರ್ಚಿಗೆ ಹೋಗಬೇಕು, ಊರಿಗೆ ಹೊರಡುವ ವ್ಯಾನಿಗೆ ಗಂಟುಮೂಟೆ ಕೊಡಬೇಕು. ಹಾಗಾಗಿ ಕೂತು ಮಾತಾಡುವುದೇನಿದ್ದರೂ ಗುರುವಾರವೇ.

ನನ್ನ ಹೆಂಡತಿ ಅಗ್ಲಾಯಾ ಕೂಡ ಹಾಗೆ ಹೋದವಳು. ಎರಡು ವರ್ಷ ಅಂತ ಹೇಳಿ ಹೋದಳು, ಆಗ ಐದನೆಯದು ನಡೆಯುತ್ತಿತ್ತು. ಬ್ರೆಷಾ ಊರಿನಲ್ಲಿ ತೊಂಬತ್ತೊಂದು ವಯಸ್ಸಿನ ಒಬ್ಬ ಮುದುಕನಿಗೆ ಉಣಿಸುವುದು, ಮಗ್ಗುಲು ಬದಲಿಸುವುದು ಅವಳ ಕೆಲಸ. ಗುರುವಾರ ಊಟ ಮುಗಿಸಿ ಸ್ಟೇಷನ್ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕ್ಯೂ ನಿಂತು, ಒಂದು ಗಂಟೆಗೆ ದುಡ್ಡು ಕೊಟ್ಟು, ತಲೆಗೆ ಆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ನಾನು ಇಲ್ಲಿ ನಮ್ಮೂರು ಗಲಾತ್ಸಿಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಗಡ್ಡ ಹೆರೆದುಕೊಂಡು ಕಾಯುತ್ತಿದ್ದೆ. ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು ನಾನು, ಪಾಂದೆಲೆ. ಸಮಯ ತಪ್ಪಿದವನಲ್ಲ. ನಮ್ಮ ಸಂಸಾರ ಅಂತ ಉಳಿದಿದ್ದೇ ಆ ಒಂದು ಗಂಟೆ. ಆ ಒಂದು ಗಂಟೆಯೂ ಕೇಳಿಸುತ್ತಿರಲಿಲ್ಲ.

"ಪಾಂದೆ... ಕಾಲು... ಡಾಕ್ಟ... ಹೋಗಿದ್ಯ..."

"ಏನು? ಇನ್ನೊಂದ್ಸಲ ಹೇಳು!"

"ಕಾಲ್... ನಿನ್... ಅಯ್ಯೋ ಬಿಡ..."

ಬಿಡು ಅನ್ನುವ ಮಾತು ಮಾತ್ರ ಯಾವಾಗಲೂ ಹೆಚ್ಚು ಕಡಿಮೆ ಪೂರ್ತಿ ಬರುತ್ತಿತ್ತು. ಬುಧವಾರವಾಗಲಿ ಶನಿವಾರವಾಗಲಿ ನೆಟ್‌ವರ್ಕಿಗೆ ಯಾವ ರೋಗವೂ ಇರಲಿಲ್ಲ. ಗುರುವಾರ ಮೂರರಿಂದ ಐದರವರೆಗೆ ಮಾತ್ರ ಅದು ಏದುಸಿರು ಬಿಡುತ್ತಿತ್ತು. ಎಲ್ಲರೂ ನಾಲ್ಕನೇ ಮಹಡಿಗೆ ಹತ್ತಿ, ನೆಟ್‌ವರ್ಕ್ ನೋಡಿಕೊಳ್ಳುವ ಜೆನೊವಿಯಾ ಅವರ ಬಾಗಿಲು ಬಡಿಯುತ್ತಿದ್ದರು. ನಾನೂ ಬಡಿದಿದ್ದೇನೆ, ಕೆಟ್ಟ ಮೊಣಕಾಲು ಇಟ್ಟುಕೊಂಡು.

ಜೆನೊವಿಯಾ ಪಾಸ್ಕು ಅವರನ್ನು ಎಲ್ಲರೂ ಇಂಜಿನಿಯರಮ್ಮ ಅನ್ನುತ್ತಿದ್ದೆವು. ಅವರು ಇಂಜಿನಿಯರ್ ಅಲ್ಲ. ಹಡಗುಕಟ್ಟೆಯ ಲೆಕ್ಕಯಂತ್ರದ ವಿಭಾಗದಲ್ಲಿ ಇಪ್ಪತ್ತು ವರ್ಷ, ಲೆಕ್ಕ ತುಂಬುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುವ ಮೆಷಿನ್ ಮುಂದೆ ಕೂತವರು. ಬಿಳಿ ಕೋಟು, ಕಾಲಿಗೆ ಬಟ್ಟೆಯ ಚಪ್ಪಲಿ, ಬಾಗಿಲಲ್ಲಿ ಕಾವಲುಗಾರ. ಆ ಕೋಣೆಗೆ ಹಡಗುಕಟ್ಟೆಯ ನಿರ್ದೇಶಕ ಬಂದರೂ ಚಪ್ಪಲಿ ಬದಲಿಸಬೇಕಿತ್ತಂತೆ. ಆಮೇಲೆ ಕಾಲ ಬದಲಾಯಿತು, ವಿಭಾಗ ಮುಚ್ಚಿತು, ಗಂಡ ತೀರಿಕೊಂಡ. ಐದಾರು ವರ್ಷ ಮಾರುಕಟ್ಟೆಯಲ್ಲಿ ಸೂರ್ಯಕಾಂತಿ ಬೀಜ ಹುರಿದು ಮಾರಿದರು. ಬೀಜ ಅಳೆಯುವ ಲೋಟವನ್ನೂ ಎರಡೆರಡು ಸಲ ಒರೆಸಿ ಇಡುತ್ತಿದ್ದರು ಅಂತ ಜನ ನಗುತ್ತಿದ್ದರು.

ನಮ್ಮ ನಾಲ್ಕು ಕಟ್ಟಡಗಳಿಗೆ ಮೊದಲು ತಂತಿ ಎಳೆದವರು ಮೂವರು ಹುಡುಗರು. ಚಾವಣಿಯಿಂದ ಚಾವಣಿಗೆ ಕೇಬಲ್ಲು, ಮೆಟ್ಟಿಲ ತಿರುವಿನಲ್ಲಿ ತಂತಿ ಕವಲಾಗುವ ಒಂದೊಂದು ಡಬ್ಬಿ. ಇಡೀ ವ್ಯವಸ್ಥೆಯ ತಲೆ ಮಾತ್ರ ನಮ್ಮ ಕಟ್ಟಡದ ಮೇಲಿನ ಬಟ್ಟೆ ಒಣಹಾಕುವ ಕೋಣೆಯಲ್ಲಿತ್ತು. ಅದೊಂದು ಹಳೇ ಕಂಪ್ಯೂಟರ್, ಮಾನಿಟರ್ ಇಲ್ಲ, ಒಳಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಒಂದು ಕಡೆ ಹೊರಗಿನ ಇಂಟರ್ನೆಟ್ ಬರುತ್ತದೆ, ಇನ್ನೊಂದು ಕಡೆಯಿಂದ ಅರವತ್ತೆಂಟು ಮನೆಗೆ ಹೋಗುತ್ತದೆ. ಹುಡುಗರು ಮದುವೆಯಾಗಿ ಒಬ್ಬೊಬ್ಬರಾಗಿ ಬೇರೆ ಬಡಾವಣೆ ಸೇರಿದರು. ಒಣಹಾಕುವ ಕೋಣೆಯ ಬೀಗದ ಕೈ ಇದ್ದದ್ದು ಜೆನೊವಿಯಾ ಅವರ ಹತ್ತಿರ. ಅಷ್ಟೇ ಕಾರಣ. ಐವತ್ತೆರಡನೇ ವಯಸ್ಸಿನಲ್ಲಿ ಅವರು ಮುನ್ನೂರು ಪುಟದ ಕೈಪಿಡಿ ಝೆರಾಕ್ಸ್ ಮಾಡಿಸಿ, ಪೆನ್ಸಿಲ್ ಹಿಡಿದು ಓದಲು ಕೂತರು. ಆರು ತಿಂಗಳಲ್ಲಿ ಆ ಯಂತ್ರ ಅವರ ಮಾತು ಕೇಳತೊಡಗಿತು. ಒಣಹಾಕುವ ಕೋಣೆಗೆ ಹೋಗುವಾಗ ಈಗಲೂ ಬಟ್ಟೆಯ ಚಪ್ಪಲಿ ಹಾಕಿಕೊಳ್ಳುತ್ತಾರೆ.

ಆ ವರ್ಷ ಮಾರ್ಚಿನಲ್ಲಿ ಅವರು ನಮ್ಮನ್ನೆಲ್ಲ ಆ ಕೋಣೆಗೆ ಕರೆದರು. ತಲೆಯ ಮೇಲೆ ಯಾರದೋ ಒದ್ದೆ ಹಾಸಿಗೆ ಹೊದಿಕೆ ನೇತಾಡುತ್ತಿತ್ತು, ಮೂಲೆಯಲ್ಲಿ ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿಗಳು. ಕೂರಲು ಜಾಗವಿಲ್ಲ.

"ಗುರುವಾರ ನಿಮ್ಮ ಹೆಂಗಸ್ರು ಎಲ್ಲಾ ಒಟ್ಟಿಗೆ ಮಾತಾಡ್ತಾರೆ," ಅಂದರು ಜೆನೊವಿಯಾ. "ಅದಕ್ಕೇ ಉಸಿರು ಕಟ್ಟೋದು."

"ನಮ್ಮ ಹೆಂಗಸ್ರು ಮಾತಾಡೋದೇ ತಪ್ಪಾ ಈಗ?" ಮೂರನೇ ಮಹಡಿಯ ಫಿಲೊಫ್ತೆಯಾ ಸೊಂಟಕ್ಕೆ ಕೈ ಇಟ್ಟಳು. ಅವಳ ಮಗಳು ವೆರೋನಾದಲ್ಲಿದ್ದಾಳೆ. "ಆ ಎರಡನೇ ಕಟ್ಟಡದೋರು ಹಗಲೂ ರಾತ್ರಿ ಸಿನಿಮಾ ಇಳಿಸ್ಕೋತಾರಲ್ಲ, ಅವರಿಗೆ ಹೇಳಿ ಹೋಗಿ!"

"ತಂತೀಲಿ ಎಲ್ಲಾ ಪೊಟ್ಟಣ ಕಟ್ಕೊಂಡೇ ಬರುತ್ತೆ. ಸಿನಿಮಾದ ಪೊಟ್ಟಣ ದೊಡ್ಡದು ಫಿಲೊಫ್ತೆಯಾ, ಎಣಿಕೇಲಿ ಕಡಿಮೆ. ಮಾತಿನ ಪೊಟ್ಟಣ ಪುಟಾಣಿ, ಸೆಕೆಂಡಿಗೆ ಸಾವಿರಾರು ಬರುತ್ತೆ." ಅವರು ನನ್ನ ಕಡೆ ತಿರುಗಿದರು. "ಪಾಂದೆಲೆ ಅಣ್ಣ, ನಿಮ್ಮ ಟ್ರಾಮ್ ಹತ್ತೋ ಪ್ರತಿಯೊಬ್ರೂ ನಿಮ್ಮ ಹತ್ರ ಬಂದು ಭುಜ ತಟ್ಟಿ, ನಾನು ಹತ್ತಿದೆ ಅಂತ ಹೇಳಿದ್ರೆ?"

"ಒಬ್ಬೊಬ್ರನ್ನೂ ಹಿಡಿದು ಕೆಳಗೆ ಹಾಕ್ತಿದ್ದೆ."

"ಈ ಯಂತ್ರ ಮಾಡ್ತಿರೋದೂ ಅದನ್ನೇ. ಒಳಗಿರೋದು ತಂತಿ ಸಿಕ್ಕಿಸೋ ಅಗ್ಗದ ನೆಟ್‌ವರ್ಕ್ ಕಾರ್ಡು. ಒಂದೊಂದು ಪೊಟ್ಟಣಕ್ಕೂ ಭುಜ ತಟ್ಟುತ್ತೆ. ಒಳ್ಳೆ ಕಾರ್ಡಾದ್ರೆ ಎಲ್ಲರನ್ನೂ ತಾನೇ ಹತ್ತಿಸ್ಕೊಂಡು ಒಂದೇ ಗಂಟೆ ಹೊಡೆಯುತ್ತೆ."

ಇಡೀ ಕಂಪ್ಯೂಟರನ್ನೇ ಬದಲಿಸಬಾರದೇಕೆ ಅಂತ ಯಾರೋ ಕೇಳಿದರು. ಅಷ್ಟು ದುಡ್ಡು ನಮ್ಮಲ್ಲಿ ಯಾರೂ ಬಿಚ್ಚುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಂಗಡಿಯಲ್ಲಿ ಸಿಗುವ ಸಿದ್ಧ ರೂಟರ್ ಡಬ್ಬಿ ತಂದರೆ? ಅದು ಒಂದು ಮನೆಗೆ ಸರಿ, ಅರವತ್ತೆಂಟು ಮನೆಗೆ ಹಾಕಿದರೆ ಒಂದು ವಾರದಲ್ಲಿ ಮಲಗುತ್ತದೆ ಅಂದರು. ಕೊನೆಗೆ ಮನೆಗಿಷ್ಟು ಅಂತ ಸೇರಿಸಿ ಒಂದು ಒಳ್ಳೆ ಕಾರ್ಡು ತರುವುದೆಂದಾಯಿತು. ಕೊಡುವಾಗ ಫಿಲೊಫ್ತೆಯಾ ಮುಖ ಊದಿಸಿಕೊಂಡೇ ಕೊಟ್ಟಳು, ಆದರೆ ಮೊದಲು ಕೊಟ್ಟವಳೂ ಅವಳೇ.

ಭಾನುವಾರ ಬೆಳಿಗ್ಗೆ ಹಳೇ ಸಾಮಾನಿನ ಸಂತೆಗೆ ಅವರ ಜೊತೆ ನಾನೂ ಹೋದೆ. ಕೈಚೀಲದಲ್ಲಿ ಭೂತಕನ್ನಡಿ, ಒಂದು ಚೌಕದ ಹಾಳೆ. ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ನಂಬರುಗಳು. ಕಾರ್ಡಿನ ಚಿಪ್ಪುಗಳಲ್ಲಿ ಲಿನಕ್ಸ್ ಗುರುತು ಹಿಡಿಯುವವು ಒಂದು ಕಡೆ, ಹಿಡಿಯದವು ಇನ್ನೊಂದು ಕಡೆ.

"ಡಬ್ಬಿ ನೋಡಬೇಡಿ, ಹೆಸರೂ ನೋಡಬೇಡಿ," ಅಂದರು ದಾರಿಯಲ್ಲಿ. "ಒಂದೇ ಡಬ್ಬೀಲಿ ಮೂರು ಥರದ ಚಿಪ್ಪು ಇಟ್ಟು ಮಾರ್ತಾರೆ. ಚಿಪ್ಪಿನ ಬೆನ್ನ ಮೇಲೆ ಬರೆದಿರೋದು ಮಾತ್ರ ನಿಜ."

ತುಕ್ಕು ಹಿಡಿದ ನಲ್ಲಿ, ಬೊಂಬೆ, ಸೈನಿಕರ ಬೆಲ್ಟು ಇವುಗಳ ನಡುವೆ ಒಬ್ಬ ಟಾರ್ಪಾಲು ಹಾಸಿ ಕಾರ್ಡುಗಳನ್ನು ಒಣಮೀನಿನ ಹಾಗೆ ಹರಡಿಕೊಂಡಿದ್ದ. ಜೆನೊವಿಯಾ ಮಂಡಿಯೂರಿ ಒಂದೊಂದನ್ನೇ ಎತ್ತಿ ಭೂತಕನ್ನಡಿಯಲ್ಲಿ ನೋಡತೊಡಗಿದರು.

"ಅಮ್ಮಾ, ಅದು ಸ್ವೆಟರ್ ಅಲ್ಲ, ಹೊಲಿಗೆ ನೋಡೋಕೆ," ಅಂದ ಅವನು.

"ನೀನು ಹುಟ್ಟೋಕೆ ಮುಂಚೆ ನಾನು ದಿನಕ್ಕೆ ಎರಡು ಸಾವಿರ ಕಾರ್ಡು ತೂತು ಹೊಡೀತಿದ್ದೆ, ಮರಿ. ಇದರ ಬೆಲೆ ಹೇಳು."

ಅವರ ಕೈಯಲ್ಲಿದ್ದದ್ದು ಯಾವುದೋ ಬ್ಯಾಂಕು ಹಳೆಯದೆಂದು ಎಸೆದ ದೊಡ್ಡ ಯಂತ್ರದಿಂದ ಕಿತ್ತದ್ದು. ಉದ್ದನೆಯ ಹಸಿರು ಕಾರ್ಡು, ತಂತಿ ಸಿಕ್ಕಿಸಲು ಒಂದರಲ್ಲೇ ಎರಡು ಕಿಂಡಿ. ನಮ್ಮ ಯಂತ್ರದ ಸೀಳಿಗೆ ಇದು ಉದ್ದವಾಯಿತಲ್ಲ ಅಂದೆ. ಬಾಲ ಹೊರಗೆ ಉಳಿದರೂ ಓಡುತ್ತದೆ, ಅಂಚಿನ ಕಚ್ಚು ಸರಿಯಿದ್ದರೆ ಸಾಕು ಅಂದರು. ಕಚ್ಚನ್ನು ಬೆರಳಲ್ಲಿ ಸವರಿದರು, ಚಿನ್ನದ ಹಲ್ಲುಗಳಿಗೆ ಉಸಿರು ಊದಿದರು. ಚೌಕಾಸಿ ಅರ್ಧ ಗಂಟೆ ನಡೆಯಿತು. ಎರಡು ಸಲ ಎದ್ದು ಹೊರಟೆವು, ಎರಡು ಸಲ ಅವನೇ ಕರೆದ. ಉಳಿದ ದುಡ್ಡಿಗೆ ನಾಲ್ಕು ಅಗ್ಗದ ಕಾರ್ಡನ್ನೂ ಕೊಂಡರು. ಜೂನ್ ತಿಂಗಳ ಸಿಡಿಲಿಗೆ ಚಾವಣಿಯ ಕೇಬಲ್ಲಿನಿಂದ ಕರೆಂಟು ಇಳಿದು ವರ್ಷಕ್ಕೆ ಎರಡು ಮೂರಾದರೂ ಸುಡುತ್ತವೆ, ಇರಲಿ ಅಂದರು. ಒಳ್ಳೆಯದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು ಟ್ರಾಮ್ ಹತ್ತಿದರು. ಅಂದು ಅವರ ಮುಖ ನೋಡಿ ನನಗೂ ಎಷ್ಟೋ ದಿನದ ಮೇಲೆ ಹಗುರವೆನಿಸಿತು. ಬರುವ ಗುರುವಾರ ಅಗ್ಲಾಯಾಳ ದನಿ ಕೇಳುತ್ತದೆ ಅಂದುಕೊಂಡೆ.

ಕೇಳಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಈಸ್ಟರ್ ಕಳೆಯಿತು, ಮೇ ಬಂತು. ಅದೇ ತುಂಡು ತುಂಡು ಮಾತು. ಕೇಳಿದರೆ ಇಂಜಿನಿಯರಮ್ಮ, "ಸ್ವಲ್ಪ ತಾಳಿ ಅಣ್ಣ, ನೋಡ್ತಿದ್ದೀನಿ," ಅನ್ನುತ್ತಿದ್ದರು. ಬ್ಯಾಂಕಿನ ಕಾರ್ಡೂ ಇಷ್ಟೇ, ನಾವು ಮೋಸ ಹೋದೆವು ಅಂತ ನಾನು ತೀರ್ಮಾನಿಸಿದೆ. ಮನುಷ್ಯ ಎಷ್ಟು ಸಲ ತಾನೇ ಹಲೋ ಅನ್ನುತ್ತಾನೆ? ಆ ಗಂಟೆ ಮುಗಿಯುವಷ್ಟರಲ್ಲಿ ಗಂಟಲು ಒಣಗಿ, ತಲೆ ಸಿಡಿಯುತ್ತಿತ್ತು. ಅಲ್ಲಿ ಅವಳ ಮುಖ ಬಣ್ಣದ ಚೌಕಗಳಾಗಿ ನಿಂತುಬಿಡುತ್ತಿತ್ತು, ಬಾಯಿ ಅರ್ಧ ತೆರೆದ ಹಾಗೆ. ಅವಳು ನಿಜವಾಗಿ ಹೇಗಿದ್ದಾಳೆಂದು ನನಗೆ ಮರೆಯತೊಡಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮೇ ಕೊನೆಯ ಗುರುವಾರ ನಲವತ್ತು ನಿಮಿಷ ಅರಚಿದ ಮೇಲೆ ನನಗೆ ರೇಗಿ ಹೋಯಿತು. ಮಾತು ಬಿಟ್ಟು ಅಕ್ಷರ ಒತ್ತಿದೆ. ಅಕ್ಷರ ಮಾತ್ರ ಯಾವಾಗಲೂ ಸರಿಯಾಗಿ ತಲುಪುತ್ತಿತ್ತು. "ಇದಕ್ಕೋಸ್ಕರ ಕ್ಯೂ ನಿಂತು ದುಡ್ಡು ಸುಡಬೇಡ. ಗುರುವಾರ ಬರದಿದ್ದರೂ ಪರವಾಗಿಲ್ಲ. ಮಲಗಿ ರೆಸ್ಟ್ ತಗೋ," ಅಂತ ಬರೆದೆ. ಆಮೇಲೆ, "ಸರಿ ಪಾಂದೆಲೆ," ಅಂತ ಬಂತು. ಅಷ್ಟೇ.

ಅದಾದ ಐದನೇ ದಿನ, ಮಂಗಳವಾರ, ಮೆಟ್ಟಿಲು ತೊಳೆಯುವ ಸರದಿಯ ಪಟ್ಟಿಗೆ ಸಹಿ ಹಾಕಿಸಲು ಜೆನೊವಿಯಾ ಅವರ ಮನೆಗೆ ಹೋದೆ. ಕೂತಿರಿ, ಕಾಫಿ ಇಡುತ್ತೇನೆ ಅಂದು ಅವರು ಒಳಗೆ ಹೋದರು. ಹೊರಕೋಣೆಯಲ್ಲಿ ಎಲ್ಲರ ಮನೆಯಂತೆ ಗಾಜಿನ ಬೀರು. ಒಳಗೆ ಗಾಜಿನ ಮೀನು, ನರ್ತಕಿ ಬೊಂಬೆ, ಮದುವೆಗೆ ಬಂದ ಚಿನ್ನದ ಅಂಚಿನ ಆರು ಕಪ್ಪು. ಆ ಕಪ್ಪಿನಲ್ಲಿ ಇದುವರೆಗೆ ಯಾರೂ ಕಾಫಿ ಕುಡಿದಿಲ್ಲ. ಕಪ್ಪುಗಳ ಹಿಂದೆ, ಹೆಣೆದ ಬಿಳಿ ಬಟ್ಟೆಯ ಮೇಲೆ ಒರಗಿ ನಿಂತಿತ್ತು ನಮ್ಮ ಹಸಿರು ಕಾರ್ಡು. ಎರಡು ಕಿಂಡಿಯೂ ನನ್ನನ್ನೇ ನೋಡುತ್ತಿದ್ದವು.

ಕಾಫಿ ತಂದವರು ನನ್ನ ಮುಖ ನೋಡಿ ಅಲ್ಲೇ ನಿಂತರು.

"ಇದೇನಮ್ಮ ಇದು?" ಅಂದೆ.

"ಅಣ್ಣ, ಜೂನ್ ಬಂತು. ಸಿಡಿಲಿನ ಕಾಲ. ಅದು ಕಳೀಲಿ ಅಂತ..."

"ಮಾರ್ಚಿನಲ್ಲಿ ತಂದಿದ್ದು! ಏಪ್ರಿಲ್‌ನಲ್ಲಿ ಯಾವ ಸಿಡಿಲಿತ್ತು?"

"ಏಪ್ರಿಲ್‌ನಲ್ಲಿ ಕೋಣೆ ಸೋರ್ತಿತ್ತು. ಅಂಥ ಜಾಗದಲ್ಲಿ ಇಂಥದ್ದನ್ನ... ಇನ್ನೊಂದು ಹೀಗಿರೋದು ಈ ಊರಲ್ಲಿ ಸಿಗಲ್ಲ ಅಣ್ಣ. ಸುಟ್ಟು ಹೋದ್ರೆ?"

ನನ್ನ ಪಿತ್ತ ನೆತ್ತಿಗೇರಿತು. "ಸುಟ್ಟು ಹೋಗ್ಲಿ! ಸುಡೋಕೇ ತಂದಿದ್ದು ಅದನ್ನ! ನನ್ನ ಹೆಂಡ್ತಿ ದನಿ ಏನು ನಿಮ್ಮ ಚಿನ್ನದ ಕಪ್ಪಾ, ನೆಂಟರು ಬಂದಾಗ ತೆಗೀತೀನಿ ಅಂತ ಒಳಗಿಡೋಕೆ? ಯಾವ ದಿನಕ್ಕೆ ಎತ್ತಿಟ್ಟಿದ್ದೀರಿ ಹೇಳಿ! ಯಾರು ಬರ್ತಾರೆ ನಿಮ್ಮ ಮನೆಗೆ?"

ಆ ಕೊನೆಯ ಮಾತು ಆಡಬಾರದಿತ್ತು. ಆಡಿದ್ದಾಗಿತ್ತು. ಅವರು ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದು ಕೂತರು.

"ಹಡಗುಕಟ್ಟೇಲಿ ನಮ್ಮ ಲೆಕ್ಕಯಂತ್ರಕ್ಕೆ ಹೊರದೇಶದ ಒಳ್ಳೇ ಟೇಪು ಬರ್ತಿತ್ತು," ಅಂದರು. "ತಪಾಸಣೆಯೋರು ಬಂದಾಗ ಹಾಕೋಕೆ ಅಂತ ಕಪಾಟಿನಲ್ಲಿಟ್ಟು ಬೀಗ ಹಾಕ್ತಿದ್ವಿ. ದಿನಾ ಓಡಿಸ್ತಿದ್ದದ್ದು ಸವೆದು ಹೋದ ಟೇಪು. ದಿನಾ ಕೈಕೊಡ್ತಿತ್ತು, ದಿನಾ ಬೈಸ್ಕೋತಿದ್ವಿ. ಮುಚ್ಚಿದ ದಿನ ಕಪಾಟು ಒಡೆದ್ರು. ಸುತ್ತಿದ ಹಾಳೆ ಸಮೇತ ಎಲ್ಲಾ ಲಾರಿಗೆ ಸುರಿದು ಕಸಕ್ಕೆ ಹಾಕಿದ್ರು. ನಾನು ಗೇಟಲ್ಲಿ ನಿಂತು ನೋಡಿದೀನಿ. ಗೊತ್ತು ಅಣ್ಣ, ನಂಗೆ ಎಲ್ಲಾ ಗೊತ್ತು. ಆದ್ರೆ ಒಳ್ಳೇದನ್ನ ಬಳಸೋಕೆ ಕೈ ಬರಲ್ಲ. ನಾನು ಏನು ಮಾಡ್ಲಿ?"

ನನ್ನ ಮನೆಯಲ್ಲೂ ಅಗ್ಲಾಯಾ ಕಳಿಸಿದ ಮೂರು ಅಂಗಿ ಗುಂಡಿ ಬಿಚ್ಚದೆ ಹಾಗೇ ಇವೆ. ಕೋಪ ಇಳಿದು ಬರೀ ಸುಸ್ತು ಉಳಿಯಿತು. ಇಬ್ಬರೂ ತಣ್ಣಗಾದ ಕಾಫಿ ಕುಡಿದೆವು. ಏಳುವಾಗ ಅವರೇ ಬೀರು ತೆರೆದು ಕಾರ್ಡನ್ನು ತೆಗೆದರು. ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ, ಟಾರ್ಚು ಹಿಡಿಯಲು ಒಬ್ಬರು ಬೇಕು ಅಂದರು.

ಬುಧವಾರ ಎಂಟಕ್ಕೆ ಯಂತ್ರ ಆರಿಸಿದರು. ಐದೇ ನಿಮಿಷದಲ್ಲಿ ಫಿಲೊಫ್ತೆಯಾಳ ದನಿ ಮೆಟ್ಟಿಲ ಕೆಳಗಿನಿಂದ ಹತ್ತಿ ಬಂತು: "ಮತ್ತೆ ಹೋಯ್ತಾ ಪೀಡೆ?" ಜೆನೊವಿಯಾ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಅಗ್ಗದ ಕಾರ್ಡು ಕಿತ್ತು, ಬ್ರಶ್ಶಿನಿಂದ ಧೂಳು ತೆಗೆದು, ಹಸಿರು ಕಾರ್ಡನ್ನು ಸೀಳಿನ ಮೇಲಿಟ್ಟರು. ಒತ್ತಲು ಅವರ ಕೈ ನಿಜವಾಗಿಯೂ ಬರಲಿಲ್ಲ. "ಒತ್ತಿ," ಅಂದೆ. ಕಣ್ಣು ಮುಚ್ಚಿ ಒತ್ತಿದರು. ಟಕ್ ಅಂತು. ಬಾಲ ಒಂದು ಬೆರಳಷ್ಟು ಹೊರಗೆ ಉಳಿಯಿತು. ತಮ್ಮ ಮನೆಯಿಂದ ಹೊತ್ತು ತಂದ ಮಾನಿಟರಿನಲ್ಲಿ ಸಾಲು ಸಾಲು ಅಕ್ಷರ ಓಡಿ, ಒಂದು ಸಾಲಿನ ಹತ್ತಿರ ಅವರು ಬೆರಳಿಟ್ಟರು. "ಗುರುತು ಹಿಡೀತು," ಅಂದರು. ಕಳೆದ ಗುರುವಾರ ಯಂತ್ರದ ಮೇಲಿನ ಭಾರ ನೂರಕ್ಕೆ ತೊಂಬತ್ತೆಂಟು ಇತ್ತಂತೆ. ನಾಳೆ ನೋಡೋಣ ಅಂದರು.

ಗುರುವಾರ ಎರಡೂವರೆಗೇ ಗಡ್ಡ ಹೆರೆದು ಕೂತೆ. ಬಿಡು ಅಂದಿದ್ದೆ ನಿಜ. ಆದರೆ ಐದು ವರ್ಷದ ಅಭ್ಯಾಸ, ಬಾರದೆ ಇರುತ್ತಾಳೆಯೇ? ಬಂದ ಕೂಡಲೇ ಏನನ್ನಬೇಕೆಂದು ಯೋಚಿಸಿಟ್ಟಿದ್ದೆ. ಹಲೋ ಅನ್ನಬಾರದು, ನೇರವಾಗಿ "ಮುಖ ತೋರಿಸು" ಅನ್ನಬೇಕು. ಮೂರಾಯಿತು. ಗೋಡೆಯಾಚೆ, ತಲೆ ಮೇಲೆ, ಕಾಲ ಕೆಳಗೆ ಮಾತು ಶುರುವಾಯಿತು. ಯಾರೂ ಕೂಗುತ್ತಿರಲಿಲ್ಲ. ಪಕ್ಕದ ಮನೆಯ ಗೊರಗೊರ ದನಿ, ನಡುವೆ ನಗು. ಮೂರನೇ ಮಹಡಿಯಲ್ಲಿ ಫಿಲೊಫ್ತೆಯಾ ಮಗಳಿಗೆ ಎಲೆಕೋಸಿನ ಕಡುಬು ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಎರಡು ಸಲ ಹೇಳದೆ, ಹೇಳಿ ಮುಗಿಸಿದಳು. ಇಡೀ ಕಟ್ಟಡ ಒಂದೇ ಊಟದ ಮೇಜಿನ ಸುತ್ತ ಕೂತ ಹಾಗಿತ್ತು. ಅಗ್ಲಾಯಾಳ ಹೆಸರಿನ ಪಕ್ಕದ ದೀಪ ಹತ್ತಲಿಲ್ಲ.

ಮೂರೂವರೆಗೆ ಮೊಬೈಲಿಗೆ ಮೆಸೇಜು ಬಂತು. "ಪಾಂದೆಲೆ, ನೀನು ಹೇಳಿದ್ದು ಯೋಚಿಸಿದೆ, ಸರಿ ಅನ್ನಿಸಿತು. ಮುದುಕನ ತಂಗಿ ಮನೆಯಲ್ಲಿ ಗುರುವಾರ ಮಧ್ಯಾಹ್ನದ ಕೆಲಸ ಒಪ್ಪಿಕೊಂಡೆ. ಕ್ರಿಸ್‌ಮಸ್‌ವರೆಗೆ ಮಾತು ಕೊಟ್ಟಿದ್ದೀನಿ. ಹೇಗೂ ಏನೂ ಕೇಳಿಸ್ತಿರಲಿಲ್ಲ. ಕಾಲು ಡಾಕ್ಟರಿಗೆ ತೋರಿಸು."

ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಯಾರ ಮೇಲೂ ಕೋಪ ಬರಲಿಲ್ಲ. ಬರಲು ಶಕ್ತಿ ಇರಲಿಲ್ಲ. ಎರಡು ತಿಂಗಳಿಗೂ ಮೀರಿ ಬೀರುವಿನಲ್ಲಿದ್ದ ಕಾರ್ಡನ್ನು ನೆನೆದೆ, ನನ್ನದೇ ಬೆರಳು ಒತ್ತಿದ ಆ ಮೂರು ಸಾಲನ್ನು ನೆನೆದೆ. ಕಂಪ್ಯೂಟರಿನಿಂದ ಸಣ್ಣ ಗುಂಯ್ ಸದ್ದು ಬರುತ್ತಿತ್ತು, ಅಷ್ಟೇ.

ಐದಕ್ಕೆ ಬಾಗಿಲು ಬಡಿಯಿತು. ಜೆನೊವಿಯಾ. ಕೂದಲು ಬಾಚಿ ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು. ಅವರನ್ನು ಹಾಗೆ ನಾನು ನೋಡಿದ್ದು ಅವರ ಗಂಡ ಇದ್ದಾಗ.

"ಹದಿನಾಲ್ಕು ಅಣ್ಣ! ತೊಂಬತ್ತೆಂಟಲ್ಲ, ನೂರಕ್ಕೆ ಹದಿನಾಲ್ಕು!" ಅಂದರು ಏದುಸಿರು ಬಿಡುತ್ತಾ. "ಅಷ್ಟೂ ಜನ ಮಾತಾಡ್ತಿದ್ರು, ಯಂತ್ರ ತೂಕಡಿಸ್ತಿತ್ತು. ಮೇಲಿಂದ ಒಂದೊಂದೇ ಬಾಗಿಲಲ್ಲಿ ಕೇಳ್ಕೊಂಡು ಬಂದೆ. ಫಿಲೊಫ್ತೆಯಾ ನನಗೆ ಮುತ್ತು ಕೊಟ್ಲು! ನಿಮ್ಮದು ಹೇಳಿ. ಕೇಳಿಸ್ತಾ?"

ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. "ಕೇಳಿಸ್ತು," ಅಂದೆ. "ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ."

ಅವರು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ಕಥೆ ಕೇಳುವ ಮಗುವಿನಂತೆ ನನ್ನನ್ನೇ ನೋಡಿದರು. "ನನಗಂತೂ ಅಲ್ಲಿ ಯಾರೂ ಇಲ್ಲ," ಅಂದರು. "ಹೇಳಿ ಅಣ್ಣ. ಏನಂದ್ರು ಅಗ್ಲಾಯಾ?"

"ಕೂದಲು ಗಿಡ್ಡ ಕತ್ತರಿಸ್ಕೊಂಡಿದಾಳೆ," ಅಂದೆ. "ನಾನು ಚೆನ್ನಾಗಿದೆ ಅಂದೆ, ಅವಳು ಸುಳ್ಳು ಹೇಳ್ಬೇಡ ಅಂದ್ಲು. ಆಮೇಲೆ ಕ್ರಿಸ್‌ಮಸ್‌ಗೆ ಬಂದುಬಿಡ್ತೀನಿ, ಇನ್ನು ಹೋಗಲ್ಲ, ಸಾಕಾಯ್ತು ಅಂದ್ಲು." ಇಂಜಿನಿಯರಮ್ಮ ಕಣ್ಣೊರೆಸಿಕೊಂಡು, ಆಮೇಲೆ, ಆಮೇಲೆ ಅನ್ನುತ್ತಿದ್ದರು. ಪೂರ್ತಿ ಒಂದು ಗಂಟೆ ನಾನು ಹೇಳುತ್ತಲೇ ಹೋದೆ.